ಕಾಲಂ ಐದು: ಒಲೆಗಳ ಸಂಖ್ಯೆ

"ಸಾರಂಗ, ನೀ ಎದ್ದು ನಿಲ್ಲು. ಎಲ್ಲಾರೂ ಇವನ ಮಾರಿ ಒಮ್ಮೆ ಛಂದಾಗಿ ನೋಡ್ಕೊಳ್ರಿ," ಎಂದರು ಸಮಾಜಶಾಸ್ತ್ರದ ಮುಸ್ತಾಪುರೆ ಸರ್. "ಒಂಬತ್ತನೇ ಈಯತ್ತೆಗಿ ಸಾಲಿ ಬಿಟ್ಟು ಟೆಂಪೋದಾಗ ಎಂಟು ವರ್ಷ ಕ್ಲೀನರ್ ಇದ್ದವ. ಆ ಟೆಂಪೋನೂ ಇವನಕಿಂತ ಮುಂದ ಹೋಗ್ಯಾದ."

ಬೀದರಿನ ಆ ಕಾಲೇಜಿನ ಬಿ.ಎ. ಮೊದಲ ವರ್ಷದ ಅರವತ್ತೆರಡು ಮಂದಿ ನಕ್ಕರು. ಸಾರಂಗನಿಗೆ ಇಪ್ಪತ್ತಾರು ವರ್ಷ, ಉಳಿದವರಿಗೆ ಹದಿನೆಂಟು. ಹದಿನೆಂಟರವರ ನಗೆಗೆ ಶಕ್ತಿ ಜಾಸ್ತಿ, ಬೇಗ ನಿಲ್ಲುವುದಿಲ್ಲ.

ಸರ್ ಕೈಯಲ್ಲಿದ್ದದ್ದು ಅವನ ಕಿರುಪರೀಕ್ಷೆಯ ಉತ್ತರ. ಪ್ರಶ್ನೆ: ಅವಿಭಕ್ತ ಕುಟುಂಬ ಎಂದರೇನು? ಲಕ್ಷಣಗಳನ್ನು ಬರೆಯಿರಿ. ಸಾರಂಗ ನಾಲ್ಕು ಪುಟ ಬರೆದಿದ್ದ. ಸರ್ ಓದತೊಡಗಿದರು: "ಅವಿಭಕ್ತ ಕುಟುಂಬ ಎಂದರೆ ನಮ್ಮ ಮನೆ. ನಮ್ಮ ನಲಿನಿ ವೈನಿ ಚಂದ್ರಭಾಗಾ ಅತ್ತೆಗೆ ಊಟಕ್ಕೆ ನೀಡುವಾಗ ತಾಟಿನ ಸಪ್ಪಳ ಮೂರು ಮನೆಗೆ ಕೇಳಿಸುತ್ತದೆ. ಆದರೂ ರೊಟ್ಟಿ ನೀಡುತ್ತಾರೆ. ಇದು ಅವಿಭಕ್ತ ಕುಟುಂಬದ ಮುಖ್ಯ ಲಕ್ಷಣ."

ಈ ಲಕ್ಷಣ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಆದ್ದರಿಂದ ಅದು ತಪ್ಪು.

"ಮನಿ ಜಗಳ ಬರಿಯೋದು ಸಮಾಜಶಾಸ್ತ್ರ ಅಲ್ಲಪ್ಪ. ಇದು ವಿಜ್ಞಾನ. ಅಂಕಿಸಂಖ್ಯೆ ಬೇಕು. ಹೋಗು, ನಿಮ್ಮೂರಾಗ ಐವತ್ತು ಕುಟುಂಬದ ಸಮೀಕ್ಷೆ ಮಾಡ್ಕೊಂಡು ಬಾ. ತರಲಿಲ್ಲಂದ್ರ ಇಂಟರ್ನಲ್ ಮಾರ್ಕ್ಸಿನಾಗ ನಿನಗ ಸೊನ್ನಿ. ಸೊನ್ನಿ ಓದ್ಲಿಕ್ಕಿ ಬರ್ತದಲ್ಲ?"

ಸಾರಂಗ ಬರುತ್ತದೆ ಎಂಬಂತೆ ತಲೆಯಾಡಿಸಿ ಕೂತ.

ಚಂದ್ರಭಾಗಾ ಅತ್ತೆ ಯಾರೆಂದು ಸರ್ ಕೇಳಲಿಲ್ಲ. ಕೇಳಿದ್ದರೆ ಇನ್ನೂ ನಾಲ್ಕು ಪುಟವಾಗುತ್ತಿತ್ತು. ಆಕೆ ಸಾರಂಗನ ತಂದೆಯ ಅಕ್ಕ. ಭಾಲ್ಕಿ ಕಡೆಯ ಖಟಕ ಚಿಂಚೋಳಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಗಂಡ ಸತ್ತ. ಹತ್ತೊಂಬತ್ತನೇ ವಯಸ್ಸಿನಲ್ಲಿ ಔರಾದ ತಾಲ್ಲೂಕಿನ ಎಕಂಬಾಕ್ಕೆ, ತವರಿಗೆ ತಿರುಗಿ ಬಂದವಳು ಮತ್ತೆ ಆ ಕಡೆ ಮುಖ ಮಾಡಲಿಲ್ಲ. ತಾಯಿ ತಂದೆ ಹೋದ ಮೇಲೆ ಸಾರಂಗನನ್ನೂ ಅಣ್ಣ ಪಾಂಡುರಂಗನನ್ನೂ ಬೆಳೆಸಿದಳು. ಟೆಂಪೋ ಹತ್ತಿದವನನ್ನು ಬೈದು, ಅತ್ತು, ಕೊನೆಗೆ ಎಂಟು ದಿನ ಮಾತು ಬಿಟ್ಟು ಮತ್ತೆ ಪುಸ್ತಕ ಹಿಡಿಸಿ, ಹತ್ತನೇದು, ಪಿಯುಸಿ ಪಾಸು ಮಾಡಿಸಿದಳು. ಹೊಲದ ಪಹಣಿಯಲ್ಲಿ ಅವಳ ಹೆಸರಿಲ್ಲ, ಮನೆಯ ಉತಾರದಲ್ಲೂ ಇಲ್ಲ. ಆ ಮನೆಯಲ್ಲಿ ಅವಳಿಗಿದ್ದ ಹಕ್ಕು ಇಷ್ಟೇ: ಒಲೆ ಒಂದಿತ್ತು. ಒಲೆ ಒಂದಿರುವವರೆಗೆ, ಮುದುಕಿಗೆ ರೊಟ್ಟಿ ಹಾಕುವುದು ಯಾರ ಪಾಲಿಗೆ ಎಂದು ಯಾರೂ ಕೇಳುವಂತಿರಲಿಲ್ಲ.

ಸಮೀಕ್ಷೆಗೆ ಸರ್ ಮೂವತ್ತೆರಡು ಕಾಲಮ್ಮಿನ ಒಂದು ಹಾಳೆ ಕೊಟ್ಟರು. ಕಾಲಂ ಒಂದು: ಮುಖ್ಯಸ್ಥರ ಹೆಸರು. ಕಾಲಂ ಐದು: ಒಲೆಗಳ ಸಂಖ್ಯೆ. ಒಂದೇ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರೇ ಒಂದು ಕುಟುಂಬ, ಇದು ಶಾಸ್ತ್ರ. ಹಾಳೆಯ ತಲೆಯ ಮೇಲೆ ಕಾಲೇಜಿನ ದುಂಡನೆಯ ಮೊಹರು. ಸಾರಂಗ ಅರವತ್ತು ಝೆರಾಕ್ಸ್ ಮಾಡಿಸಿದ, ಅಂಗಿ ಪ್ಯಾಂಟಿನೊಳಗೆ ತೂರಿಸಿದ, ಕಿಸೆಗೆ ಎರಡು ಪೆನ್ನು ಸಿಕ್ಕಿಸಿದ, ಕಾಲೇಜಿನ ಗುರುತಿನ ಚೀಟಿಯನ್ನು ನೀಲಿ ಪಟ್ಟಿಯಲ್ಲಿ ಕೊರಳಿಗೆ ಹಾಕಿಕೊಂಡ. ಎಕಂಬಾಕ್ಕೆ ಈವರೆಗೆ ಕೊರಳಿಗೆ ಪಟ್ಟಿ ಹಾಕಿಕೊಂಡು ಬಂದವರು ಮೂವರೇ: ಬ್ಯಾಂಕಿನವನು, ಮೀಟರಿನವನು, ಲಸಿಕೆಯವಳು. ಮೂವರೂ ಸುಮ್ಮನೆ ಬಂದವರಲ್ಲ.

ಮೊದಲ ಮನೆ ಉಸ್ಮಾನ ಮಿಯಾನದು. ಊರಿನ ಹಿಟ್ಟಿನ ಗಿರಣಿ ಅವನದೇ.

"ಏನ್ ಸಾರಂಗ, ಕೊಳ್ಳಾಗ ಪಟ್ಟಿ ಬಿದ್ದದ. ಯಾರರ ಸಾಕ್ಯಾರೇನು ನಿನಗ?" ಎಂದ ಉಸ್ಮಾನ ಮಿಯಾ.

ಸಾರಂಗ ಹಾಳೆ ಮುಂದೆ ಹಿಡಿದ. ಉಸ್ಮಾನ ಮಿಯಾ ಮೊಹರು ನೋಡಿದ. ಕೈಯ ಹಿಟ್ಟು ಲುಂಗಿಗೆ ಒರೆಸಿಕೊಂಡ. "ಕುಂದ್ರಿ ಸಾಹೇಬ," ಎಂದ.

ಜೀವನದಲ್ಲಿ ಸಾರಂಗನಿಗೆ ಯಾರೂ ಸಾಹೇಬ ಎಂದಿರಲಿಲ್ಲ. ಅವನು ಕೂತ.

"ಮನ್ಯಾಗ ಒಲಿ ಎಷ್ಟವ?"

"ಗ್ಯಾಸ್ ಅದ. ಬರ್ನರ್ ಎರಡವ. ಒಂದು ಬರಿತೀರೋ, ಎರಡೋ?"

ಸಾರಂಗ ಹಾಳೆಯನ್ನು ತಿರುಗಿಸಿ ನೋಡಿದ. ಹಿಂದೆ ಖಾಲಿ ಇತ್ತು. "ರೊಟ್ಟಿ ಎಲ್ಲಿ ಬಡೀತಾರ?"

"ಒಂದೇ ಕಡಿ. ನಮ್ಮ ಅಮ್ಮಾ, ನಾ, ಇಮ್ರಾನ, ಅಯ್ಯುಬ, ಇಬ್ಬರು ಸೊಸ್ತೇರು. ಎಲ್ಲಾರದೂ ಒಂದೇ ಹಂಚು."

"ಹಂಗಿದ್ರ ಒಂದು."

"ಎರಡು ಅಂತ ಬರದ್ರ ಏನಾಗ್ತದ?"

ಏನೂ ಆಗೋದಿಲ್ಲ ಮಾಮು, ಇದು ನನ್ನ ಪರೀಕ್ಷಾದ ಕಾಗದ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸಾಹೇಬ ಎಂಬ ಮಾತು ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ಸಾರಂಗ ಪೆನ್ನಿನ ಟೋಪಿ ಹಾಕಿ, ತೆಗೆದು, "ಅದು ನನ್ನ ಕೈಯಾಗಿಲ್ಲ. ಮ್ಯಾಲಿನವರು ನೋಡ್ತಾರ," ಎಂದ.

ಉಸ್ಮಾನ ಮಿಯಾ ಗಿರಣಿ ನಿಲ್ಲಿಸಿದ. ಕರೆಂಟ್ ಇದ್ದೂ ಆ ಗಿರಣಿ ಹಾಡಹಗಲೇ ನಿಂತದ್ದನ್ನು ಊರು ನೋಡಿರಲಿಲ್ಲ. "ಸಾಹೇಬ, ಬಾಜೂ ಮನಿ ಮುಗಿಸಿ ಬರ್ರಿ. ನಮ್ಮದು ನಾಳಿಗಿ ಬರೀರಿ. ನಾಳಿಗಿ ಎರಡು ಇರ್ತಾವ."

ಮಕ್ಕಳಿಬ್ಬರನ್ನೂ ಕರೆದ. "ಇಮ್ರಾನ, ನೀ ಬ್ಯಾರೆ. ಅಯ್ಯುಬ, ನೀ ಬ್ಯಾರೆ."

"ಯಾಕಬ್ಬಾ, ನಾವೇನು ಮಾಡಿದ್ವಿ?"

"ಏನೂ ಮಾಡಿಲ್ಲ. ನಾಕು ದಿನ ಬ್ಯಾರೆ ಇರ್ರಿ, ಕಾಗದ ಆಗ್ಲಿ, ಮತ್ತ ಕೂಡ್ರಿ. ಜಗಳಾ ಮಾಡ್ಕೊಂಡು ಬ್ಯಾರೆ ಆಗೋದು ಎಲ್ಲಾರಿಗೂ ಬರ್ತದ. ನಾವು ನಗ್ತಾ ಆಗೋಣು."

ಗಿರಣಿಗೆ ಬಂದವರು ಹಿಟ್ಟಿನ ಜೊತೆ ಸುದ್ದಿಯನ್ನೂ ತಲೆಯ ಮೇಲೆ ಹೊತ್ತು ಮನೆಗೆ ಹೋದರು. ಸಂಜೆಯ ಹೊತ್ತಿಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಳೆಯ ಫೋಟೋ ಬಂತು. ಅದರ ಕೆಳಗೆ ಯಾರೋ ಒಂದು ಒಲೆಗೆ ಒಂದು ರೇಷನ್ ಕಾರ್ಡು ಎಂದು ಬರೆದಿದ್ದರು. ಮರುದಿನ ಬೆಳಗಾಗುವಷ್ಟರಲ್ಲಿ ಅದು ಒಂದು ಒಲೆಗೆ ಒಂದು ಸರ್ಕಾರಿ ಮನೆ ಎಂದಾಗಿತ್ತು. ಯಾರೂ ಸುಳ್ಳು ಹೇಳಲಿಲ್ಲ. ಪ್ರತಿಯೊಬ್ಬರೂ ಕೇಳಿದ್ದಕ್ಕಿಂತ ಸ್ವಲ್ಪ ಒಳ್ಳೆಯದನ್ನು ನಂಬಿದರು, ಅಷ್ಟೇ.

ಇಟ್ಟಂಗಿಗೆ ಬರ ಬಂತು. ಶಾಲೆಯ ಕಂಪೌಂಡು ಒಂದು ಮೊಳ ಕುಸಿಯಿತು. ಬಸ್ ನಿಲ್ದಾಣದ ಕಟ್ಟೆಯ ಒಂದು ಕಾಲು ಹೋಯಿತು. ಮೂವರು ಪ್ರಯಾಣಿಕರ ಸಮೇತ ಅದು ನಿಧಾನವಾಗಿ ಒರಗಿತು. ಅಂಗಳ, ಹಿತ್ತಲು, ದನದ ಕೊಟ್ಟಿಗೆ, ಎಲ್ಲಿ ನೋಡಿದರೂ ಹೊಸ ಒಲೆ, ಹಸಿ ಮಣ್ಣು, ಹೊಗೆ.

ಹಾಳೆಯ ಹನ್ನೊಂದನೇ ಕಾಲಮ್ಮಿನಲ್ಲಿ 'ಹಿರಿಯರು ಇದ್ದಾರೆಯೇ' ಎಂದಿತ್ತು. ಹಿರಿಯರಿರುವ ಒಲೆಗೆ ಹೆಚ್ಚಿನದು ಸಿಗುತ್ತದೆ ಎಂದು ಊರು ತೀರ್ಮಾನಿಸಿತು. ಒಮ್ಮೆಲೇ ಮುದುಕಿಯರಿಗೆ ಕಾಲ ಬಂತು. ಉಸ್ಮಾನ ಮಿಯಾನ ತಾಯಿ ಗೌಹರ ಬೀಗೆ ಎಂಬತ್ತೊಂದು. ಬೆಳಿಗ್ಗೆ ಇಮ್ರಾನನ ಒಲೆಗೆ ಹಿರಿಯಳಾಗಿ ಚಹಾ ಕುಡಿದಳು, ಮಧ್ಯಾಹ್ನ ಅಯ್ಯುಬನ ಒಲೆಗೆ ಹಿರಿಯಳಾಗಿ ಉಂಡಳು, ಸಂಜೆ ಓಣಿಯ ಕೊನೆಯ ಮನೆಯವರು ತಮ್ಮಲ್ಲಿ ಮುದುಕರಿಲ್ಲವೆಂದು ಒಂದು ತಾಸಿಗೆ ಕೇಳಿ ಕರೆದೊಯ್ದರು. ಎಲೆಯಡಿಕೆಯ ಪಾನದಾನ ಹಿಡಿದುಕೊಂಡು ಮನೆಯಿಂದ ಮನೆಗೆ ತಿರುಗಿದಳು.

"ಇಷ್ಟು ವರ್ಷದಾಗ ಯಾರೂ ನನಗ ಇನ್ನೊಂದು ರೊಟ್ಟಿ ಹಾಕ್ಲೇನು ಅಂದಿದ್ದಿಲ್ಲ ಬೇಟಾ," ಎಂದಳು ಸಾರಂಗನಿಗೆ. "ಒಳ್ಳೇ ಕಾಗದ ತಂದಿ. ಇದು ಪ್ರತಿ ವರ್ಷ ತರ್ತಿಯೇನು?"

ಸಾರಂಗ ಅಲ್ಲಿಗಾದರೂ ನಿಲ್ಲಬೇಕಿತ್ತು. ಆದರೆ ಸರ್ ಐವತ್ತು ಕುಟುಂಬ ಕೇಳಿದ್ದರು. ಅಷ್ಟು ಬಾಗಿಲು ಬಡಿಯುವುದು ಹೇಗೆಂದು ಅವನು ಬಸ್ಸಿನುದ್ದಕ್ಕೂ ಚಿಂತಿಸಿದ್ದ. ಈಗ ನೋಡಿದರೆ ಇಪ್ಪತ್ನಾಲ್ಕು ಬಾಗಿಲಿಗೇ ನಲವತ್ತೆಂಟು ಕುಟುಂಬ ಸಿಕ್ಕಿದ್ದವು. ಇನ್ನೆರಡು ಬೇಕು.

ಮನೆಗೆ ಬಂದ. ಪಾಂಡುರಂಗನ ಹೆಂಡತಿ ನಲಿನಿ ವೈನಿ ಬಾಗಿಲಲ್ಲೇ ನಿಂತಿದ್ದಳು.

"ಊರಿಗೆಲ್ಲಾ ಎರಡೆರಡು ಬರದ್ರಿ ಭಾವೂಜಿ. ನಮ್ಮ ಮನಿಗಿ ಒಂದು ಬರೀತೀರೇನು?"

ಹೊರಗೆ ಹೇಳಬೇಕಾದ ನಿಜವನ್ನು ಸಾರಂಗ ಒಳಗೆ ಹೇಳಿದ. "ವೈನಿ, ಖರೇ ಹೇಳ್ತೇನಿ. ಇದರಿಂದ ಏನೂ ಬರೋದಿಲ್ಲ. ಇದು ನನ್ನ ಪರೀಕ್ಷಾದ ಕಾಗದ."

"ಊರಿಗೆಲ್ಲಾ ಸರ್ಕಾರದ್ದು, ನಮಗಷ್ಟೇ ಪರೀಕ್ಷಾದ್ದು," ಎಂದಳು ನಲಿನಿ. "ಕೇಳ್ರಿ, ನಿಮ್ಮ ತಮ್ಮನ ಮಾತು."

ಪಾಂಡುರಂಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಇಂಥ ಹೊತ್ತಿನಲ್ಲಿ ಅವನ ಗುಂಡಿಗಳು ಎಷ್ಟು ಹಾಕಿದರೂ ಮುಗಿಯುತ್ತಿರಲಿಲ್ಲ.

"ಬರಿಯಪ್ಪಾ, ಬರಿ," ಎಂದು ಒಳಗಿಂದ ಬಂದಳು ಚಂದ್ರಭಾಗಾ ಅತ್ತೆ. "ಕಾಗದದಾಗ ಬ್ಯಾರೆ ಆದ್ರ ಹೊಟ್ಟಿ ಬ್ಯಾರೆ ಆಗ್ತಾವೇನು? ನಿನ್ನ ಮಾಸ್ತರಗ ಐವತ್ತು ಬೇಕಲ್ಲ."

ಕೊಟ್ಟಿಗೆಯ ಪಕ್ಕದಲ್ಲಿ ಅವಳೇ ಕೂತು ಎರಡನೇ ಒಲೆ ಹಾಕಿದಳು. ಮಣ್ಣು ಕಲಸಿ, ಮೆತ್ತಿ, ಅಂಗೈಯಿಂದ ಸವರಿ ಸವರಿ ನುಣುಪು ಮಾಡಿದಳು. ಬೇರೆಯವರ ಒಲೆಗಳು ನಾಲ್ಕು ದಿನದ ಆಟದ ಒಲೆಗಳಂತೆಯೇ ಇದ್ದವು. ಅವಳದು ಮಾತ್ರ ಒಲೆಯಂತಿತ್ತು.

"ಐವತ್ಮೂರು ವರ್ಷ ಈ ಮನ್ಯಾಗ ರೊಟ್ಟಿ ಬಡದೀನಿ ಸಾರಂಗ," ಎಂದಳು ಕೈ ತೊಳೆಯುತ್ತ. "ನನ್ನ ಒಲಿ ಅಂತ ಇದೇ ಮೊದಲನೇದು ನೋಡು."

ಸಾರಂಗ ಬರೆದ. ಒಲೆ ಒಂದು: ಪಾಂಡುರಂಗ, ನಲಿನಿ, ಅವರ ಹತ್ತು ವರ್ಷದ ಮಗಳು ಸಾನಿಕಾ. ಒಲೆ ಎರಡು: ಚಂದ್ರಭಾಗಾ, ಸಾರಂಗ. ನಲಿನಿ ಎರಡು ಸಲ ಓದಿ ಸಹಿ ಮಾಡಿದಳು. ಅತ್ತೆ ಹೆಬ್ಬೆಟ್ಟು ಒತ್ತಿ, ಹೆಬ್ಬೆಟ್ಟು ಚೆನ್ನಾಗಿ ಬಂದಿದೆಯೇ ಎಂದು ಕೇಳಿದಳು. ಐವತ್ತು ತುಂಬಿತು.

ಸೋಮವಾರ ಎಕಂಬಾ ಊರಿಗೆ ಊರೇ ಔರಾದದ ತಹಶೀಲ್ ಕಚೇರಿಗೆ ಹೋಯಿತು. ಎರಡು ಟೆಂಪೋ, ಮೂರು ಆಟೋ. ಎಲ್ಲರ ಕೈಯಲ್ಲೂ ಸಾರಂಗನ ಹಾಳೆಯ ಝೆರಾಕ್ಸ್. ಗುಮಾಸ್ತ ಜಾವೀದ ಸಾಹೇಬರು ಕನ್ನಡಕ ಏರಿಸಿಕೊಂಡರು.

"ಯಾರು ಕೊಟ್ಟಾರರಿ ಇದು?"

"ಸಾರಂಗ ಸಾಹೇಬ," ಎಂದ ಉಸ್ಮಾನ ಮಿಯಾ.

"ಯಾವ ಇಲಾಖೆಯವರು ಅವರು?"

"ನಮ್ಮೂರವರೇ. ಮೊಹರು ನೋಡ್ರಿ."

ಜಾವೀದ ಸಾಹೇಬರು ಮೊಹರನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಕಾಲೇಜಿಂದದ." ಹಾಳೆ ಕೆಳಗಿಟ್ಟರು. "ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ."

"ಹಂಗಂದ್ರ ಇದು ಏನರಿ?"

"ಹೋಂವರ್ಕ್," ಎಂದರು ಜಾವೀದ ಸಾಹೇಬರು. "ಮುಂದಿನವರು ಬರ್ರಿ."

ಮುಂದಿನವರ ಕೈಯಲ್ಲೂ ಅದೇ ಇತ್ತು.

ಮರಳಿ ಬರುವಾಗ ಟೆಂಪೋದಲ್ಲಿ ಯಾರೂ ಮಾತಾಡಲಿಲ್ಲವಂತೆ. ಊರಿಗೆ ಇಳಿದ ಮೇಲೆ ಆ ಸಾಲವನ್ನೂ ತೀರಿಸಿದರು. ಸಾರಂಗ ಗಿರಣಿಯ ಕಟ್ಟೆಯ ಮೇಲೆ ಕೂತು ಒಂದು ತಾಸು ಬೈಸಿಕೊಂಡ. ಕೊನೆಗೆ ಉಸ್ಮಾನ ಮಿಯಾ ಹತ್ತಿರ ಬಂದು ನಿಂತ. "ನಾಕು ದಿನ ನಿನಗ ಸಾಹೇಬ ಅಂದೀನಿ. ವಾಪಸ್ ಕೊಡು."

ಎಲ್ಲ ಬೈಗುಳದಲ್ಲಿ ಸಾರಂಗನಿಗೆ ನೆನಪುಳಿದದ್ದು ಅದೊಂದೇ.

ಆಯಿತು, ಇನ್ನು ಎಲ್ಲರೂ ಒಲೆ ಕೆಡವಿ ಮೊದಲಿನಂತೆ ಕೂಡುತ್ತಾರೆ ಎಂದು ಅವನು ತಿಳಿದ. ಮೊದಲ ದಿನ ಯಾರೂ ಕೆಡವಲಿಲ್ಲ, ದಣಿದಿದ್ದರು. ಎರಡನೇ ದಿನವೂ ಇಲ್ಲ. ಮೂರನೇ ದಿನ ಉಸ್ಮಾನ ಮಿಯಾ ಸ್ವತಃ ಗುದ್ದಲಿ ಹಿಡಿದು ಇಮ್ರಾನನ ಅಂಗಳಕ್ಕೆ ಹೋದ. ಸೊಸೆ ಆಯೆಶಾ ಒಲೆಗೆ ಅಡ್ಡ ನಿಂತಳು.

"ಮಾಮಾ, ನಿಮ್ಮ ಮ್ಯಾಲ ಸಿಟ್ಟಿಲ್ಲ, ಯಾರ ಮ್ಯಾಲೂ ಇಲ್ಲ. ಮದುವಿಯಾಗಿ ಆರು ವರ್ಷಾಯ್ತು. ಎಲ್ಲಾರಿಗೂ ಹಾಕಿ ಮುಗಿಸೋದ್ರಾಗ ನನ್ನ ರೊಟ್ಟಿ ಆರಿರ್ತಿತ್ತು. ಈ ನಾಕು ದಿನ ಬಿಸಿದು ತಿಂದೀನಿ. ಇದು ಇರಲ್ರಿ."

ಉಸ್ಮಾನ ಮಿಯಾ ಒಲೆಯನ್ನೊಮ್ಮೆ ನೋಡಿದ. ಗುದ್ದಲಿ ಹೆಗಲಿಗಿಟ್ಟುಕೊಂಡು ತಿರುಗಿದ. ನಗುತ್ತಾ ಬೇರೆಯಾದವರಿಗೆ ಕೂಡಲು ನೆಪವಿರಲಿಲ್ಲ. ಜಗಳವೇ ಆಗಿರಲಿಲ್ಲ, ರಾಜಿ ಯಾವುದಕ್ಕೆ ಮಾಡಿಸುವುದು?

ಗೌಹರ ಬೀ ಈಗ ಗಿರಣಿಯ ಚೀಲಗಳ ಮೇಲೆ ಕೂರುತ್ತಿದ್ದಳು. ಇಮ್ರಾನ ಅವಳು ಅಯ್ಯುಬನಲ್ಲಿ ಉಂಡಳೆಂದು ತಿಳಿಯುತ್ತಿದ್ದ, ಅಯ್ಯುಬ ಇಮ್ರಾನನಲ್ಲಿ ಎಂದು. ಕೆಲವು ದಿನ ಇಬ್ಬರೂ ತಪ್ಪಾಗಿ ತಿಳಿದಿರುತ್ತಿದ್ದರು.

ಬೀದರಿನಲ್ಲಿ ಮುಸ್ತಾಪುರೆ ಸರ್ ಐವತ್ತು ಹಾಳೆಯನ್ನೂ ಮೇಜಿನ ಮೇಲೆ ಹರಡಿ, ಲೆಕ್ಕ ಹಾಕಿ, ಮತ್ತೆ ಲೆಕ್ಕ ಹಾಕಿ, ಎದ್ದು ನಿಂತರು. ಐವತ್ತರಲ್ಲಿ ಐವತ್ತೂ ವಿಭಕ್ತ. ಪುಸ್ತಕ ನೂರಕ್ಕೆ ಎಪ್ಪತ್ತು ಎಂದಿತ್ತು. ಎಕಂಬಾ ಪುಸ್ತಕವನ್ನೂ ಹಿಂದೆ ಹಾಕಿತ್ತು.

"ಸರ್, ಒಂದು ಮಾತು," ಎಂದ ಸಾರಂಗ. "ಈ ಒಲಿ ಎಲ್ಲಾ ನಾ ಹೋದ ಮ್ಯಾಲ ಹುಟ್ಟಿದವರಿ. ನಾ ಹೋಗಿದ್ದಿಲ್ಲಂದ್ರ ಇರ್ತಿದ್ದಿಲ್ಲ."

"ಒಳ್ಳೇ ಸಂಶೋಧಕರಿಗಿ ಹಂಗೇ ಅನಸ್ತದ. ನೀ ಸುಮ್ಮ ಇರು."

ಅರವತ್ತೆರಡು ಮಂದಿ ಎದುರಿಗೆ ಅವನನ್ನು ಮತ್ತೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಗಡಿಭಾಗದ ಹಳ್ಳಿಯೊಂದರಲ್ಲಿ ಅವಿಭಕ್ತ ಕುಟುಂಬದ ವಿಘಟನೆ ಎಂದು ಪುಸ್ತಿಕೆ ಮಾಡುವುದೆಂದಾಯಿತು. ದಿನಾ ಎರಡು ಬಸ್ಸು ಬದಲಿಸಿ ಬರುವುದು ಬೇಡವೆಂದು ಸರ್ ಓಡಾಡಿ ಹಾಸ್ಟೆಲಿನಲ್ಲಿ ಜಾಗ ಕೊಡಿಸಿದರು.

"ಹೋಗು," ಎಂದಳು ಅತ್ತೆ. "ಓದೋ ಹುಡುಗ ಬಸ್ಸಿನಾಗ ಯಾಕ ಸಾಯ್ಬೇಕು? ನನಗೇನಾಗ್ಯಾದ, ನನ್ನ ಒಲಿ ಅದ."

ಸಾರಂಗ ಹೋದ. ಎರಡನೇ ಒಲೆಯಲ್ಲಿ ಒಬ್ಬಳೇ ಉಳಿದಳು. ಒಬ್ಬಳು ಕುಟುಂಬವಾಗುವುದಿಲ್ಲ ಎಂದು ಸರ್ ಕೆಂಪು ಪೆನ್ನಿನಿಂದ ಆ ಹಾಳೆಗೆ ಅಡ್ಡಗೆರೆ ಎಳೆದು ಪುಸ್ತಿಕೆಯಲ್ಲಿ ನಲವತ್ತೊಂಬತ್ತು ಎಂದು ತಿದ್ದಿದರು. ಶಾಸ್ತ್ರಕ್ಕೆ ಅಷ್ಟು ಶಿಸ್ತು ಬೇಕು.

ಇಪ್ಪತ್ತು ದಿನಕ್ಕೆ ಸಾನಿಕಾ ಅಪ್ಪನ ಮೊಬೈಲಿನಿಂದ ಫೋನು ಮಾಡಿದಳು. "ಕಾಕಾ, ಅಜ್ಜಿ ನಿನ್ನೀದಿಂದ ಒಲಿ ಹಚ್ಚಿಲ್ಲ. ಆಕಿ ಡಬ್ಬ್ಯಾಗ ಹಿಟ್ಟಿಲ್ಲ."

ಸಾರಂಗ ರವಿವಾರ ಓಡಿ ಬಂದ. ಒಲೆಯಲ್ಲಿ ಬೂದಿ ಇತ್ತು, ಅತ್ತೆ ಇರಲಿಲ್ಲ. ಖಟಕ ಚಿಂಚೋಳಿಗೆ ಹೋಗಿದ್ದಳು, ಐವತ್ಮೂರು ವರ್ಷದ ನಂತರ, ಗಂಡನ ತಮ್ಮನ ಮೊಮ್ಮಕ್ಕಳ ಮನೆಗೆ. ನಾಕು ದಿನ ಇದ್ದು ಬರ್ತೇನಿ ಎಂದು ಹೇಳಿ ಹೋದಳಂತೆ.

"ವೈನಿ, ಆಕಿಗಿ ನೀವು ಒಂದು ರೊಟ್ಟಿ..."

"ನಾ ಉಣಬ್ಯಾಡ ಅಂದಿಲ್ಲ ಭಾವೂಜಿ," ಎಂದಳು ನಲಿನಿ. ದನಿ ಏರಿರಲಿಲ್ಲ. "ಆಕಿ ಒಲಿ ಬ್ಯಾರೆ ಅಂತ ನೀವೇ ಬರ್ದೀರಿ, ನಾ ಓದಿ ಸಹಿ ಮಾಡೀನಿ. ಕರಿಲಿಕ್ಕಿ ಹೋದ್ರ ಆಕಿ ಒಲಿಗಿ ಅಪಮಾನ ಮಾಡಿದಂಗ ಆಗ್ತದ ಅಂತ ಸುಮ್ಮ ಇದ್ದೆ. ಕೇಳಿದ್ರ ಕೊಡ್ತಿದ್ದೆ. ಬಾಯಿ ಬಿಟ್ಟು ಕೇಳ್ಬೇಕಲ್ಲ."

ಪಾಂಡುರಂಗನಿಗೆ ಗುಂಡಿ ಹಾಕಿಕೊಳ್ಳುವುದಿತ್ತು. ಸಾರಂಗ ಇಬ್ಬರನ್ನೂ ನೋಡಿದ. ಐವತ್ಮೂರು ವರ್ಷ ಆ ಮನೆಯಲ್ಲಿ ಎಲ್ಲರಿಗೂ ಬಡಿಸಿದವಳಿಗೆ ಒಂದು ರೊಟ್ಟಿ ಕೇಳುವುದು ಹೇಗೆಂದು ಗೊತ್ತಿರಲಿಲ್ಲ. ಎಪ್ಪತ್ತೆರಡರಲ್ಲಿ ಅದನ್ನು ಕಲಿಸುವ ಕಾಲೇಜೂ ಇಲ್ಲ.

ಹಾಸ್ಟೆಲಿನಲ್ಲಿ ಹೆಂಗಸರನ್ನು ಗೇಟಿನೊಳಗೆ ಬಿಡುವುದಿಲ್ಲ. ಬೀದರಿನಲ್ಲಿ ಒಂದು ಕೋಣೆ ಹಿಡಿದರೆ ಎಂದು ಸಾರಂಗ ಯೋಚಿಸಿದ. ಹಿಡಿದರೆ ಮತ್ತೆ ಟೆಂಪೋ ಹತ್ತಬೇಕು, ಟೆಂಪೋ ಹತ್ತಿದರೆ ಅತ್ತೆ ಮಾತು ಬಿಡುತ್ತಾಳೆ. ಹೀಗೆ ಯೋಚಿಸುತ್ತಲೇ ಹದಿನೈದು ದಿನ ಕಳೆದ. ಅಷ್ಟರಲ್ಲಿ ಪುಸ್ತಿಕೆ ಅಚ್ಚಾಗಿ ಬಂತು. ಮೊದಲ ಪುಟದಲ್ಲಿ ಅವನ ಹೆಸರು. ಮೊದಲ ಪ್ರತಿ ಅತ್ತೆಗೇ ಕೊಡಬೇಕೆಂದು ಒಂದು ಮಧ್ಯಾಹ್ನ ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಖಟಕ ಚಿಂಚೋಳಿಗೆ ಇಳಿದ.

ಕೆಟ್ಟ ಜನರಲ್ಲ. ನೀರು ಕೊಟ್ಟರು, ಚಹಾ ಮಾಡಿದರು. ಮನೆಯ ಯಜಮಾನ ಮಾತ್ರ, "ಇವರು ಎಷ್ಟು ದಿನ ಇರ್ಲಿಕ್ಕಿ ಬಂದಾರಂತ ನಮಗೂ ಗೊತ್ತಾಗ್ಲಿಲ್ಲರಿ," ಎಂದು ಒಂದು ಸಲ ಹೇಳಿ ಒಳಗೆ ಹೋದ.

ಅತ್ತೆ ಪಡಸಾಲೆಯಲ್ಲಿ ತೊಗರಿ ಆರಿಸುತ್ತಿದ್ದಳು. ಅವನನ್ನು ಕಂಡದ್ದೇ ಮೊರ ಪಕ್ಕಕ್ಕಿಟ್ಟಳು. ಅವನು ಪುಸ್ತಿಕೆ ತೆಗೆದು ಕೈಗೆ ಕೊಟ್ಟ. ಅಚ್ಚಿನ ಮೇಲೆ ಬೆರಳಾಡಿಸಿದಳು, ಕಣ್ಣಿಗೆ ಒತ್ತಿಕೊಂಡಳು, ಸೆರಗಿನಿಂದ ಒರೆಸಿದಳು. "ಪಾಸಾದಿಯಲ್ಲ, ಸಾಕು," ಎಂದು ಎದ್ದು ಒಳಗೆ ಹೋದಳು.

ಚಹಾ ಮುಗಿಯುವಷ್ಟರಲ್ಲಿ ಹೊರಗೆ ಬಂದಳು. ಸೀರೆ ಬದಲಿಸಿದ್ದಳು. ಕೈಯಲ್ಲಿ ಗಂಟು ಕಟ್ಟಿದ ಚೀಲ, ಕಾಲಲ್ಲಿ ಚಪ್ಪಲಿ. ಮನೆಯ ಹೆಂಗಸರಿಗೆಲ್ಲ, "ನಮ್ಮ ಹುಡುಗ ಕರಿಲಿಕ್ಕಿ ಬಂದಾನ, ಹೋಗ್ತೇನಿರವ್ವಾ," ಎಂದು ಆಗಲೇ ಹೇಳಿಬಿಟ್ಟಿದ್ದಳು. ಅವರು ಅರಿಶಿನ ಕುಂಕುಮದ ಬದಲು ಒಂದು ತೆಂಗಿನಕಾಯಿ ಕೊಟ್ಟಿದ್ದರು. ಬಾಗಿಲಲ್ಲಿ ನಾಲ್ಕು ಮಂದಿ ಸೇರಿದ್ದರು.

"ಭಾಲ್ಕಿ ಬಸ್ ಎಷ್ಟಕ್ಕದ?" ಎಂದಳು ಅತ್ತೆ. ಮೆಟ್ಟಿಲು ಇಳಿಯುತ್ತ ದನಿ ತಗ್ಗಿಸಿ, ಅವನಿಗಷ್ಟೇ ಕೇಳುವಂತೆ ಅಂದಳು, "ಯಾರ ಒಲಿಗಿ ಹೋಗೂದು ನಾವು?"

ಸಾರಂಗ ಲೋಟ ಕಟ್ಟೆಯ ಮೇಲಿಟ್ಟ. ಬಾಗಿಲಲ್ಲಿದ್ದವರೂ ಅವನನ್ನೇ ನೋಡುತ್ತಿದ್ದರು. ಅವನು ಬಂದದ್ದು ಪುಸ್ತಿಕೆ ಕೊಡಲಿಕ್ಕೆ, ಕರೆಯಲಿಕ್ಕಲ್ಲ. ಅವನು ತಿರುಗಿ ರಸ್ತೆಯ ಕಡೆ ನಡೆದ. ಹಿಂದೆ ಚಪ್ಪಲಿಯ ಸಪ್ಪಳ ಹತ್ತು ಹೆಜ್ಜೆ ಬಂತು. ಆಮೇಲೆ ನಿಧಾನವಾಯಿತು, ನಿಂತಿತು. ಅವನು ನಡೆಯುತ್ತಲೇ ಇದ್ದ.